ಹುತ್ತಕ್ಕೆ ಕೊಡದ ಮಣೆ

ಬೇವಿನೆಣ್ಣೆಯ ವಾಸನೆ ಬಾರದ ಮನೆಗೆ ನಮ್ಮೂರಲ್ಲಿ ಹೆಣ್ಣು ಕೊಡುವುದಿಲ್ಲ. ನನಗೆ ಗಂಡು ಗೊತ್ತು ಮಾಡುವಾಗ ನಮ್ಮಪ್ಪ ಹೊಲ ಮನೆಯ ವಿಚಾರ ಒಂದು ಮಾತೂ ಕೇಳಲಿಲ್ಲ. ಸೀದಾ ಅವರ ಅಡಿಗೆಮನೆಗೆ ಹೋಗಿ, ಗೋಡೆಯ ಗೂಟಗಳಿಗೆ ತಗುಲಿಸಿದ್ದ ಮಣೆಗಳನ್ನು ಒಂದೊಂದಾಗಿ ಇಳಿಸಿ, ಮೂಸಿ, ಉಗುರಿನಲ್ಲಿ ಕೆರೆದು, ಕಿವಿಗೆ ಹಿಡಿದು ತಟ್ಟಿ ನೋಡಿದರು. ಎಲ್ಲೂ ಟೊಳ್ಳು ಸದ್ದು ಬರಲಿಲ್ಲ. ‘ಗಟ್ಟಿ ಮನೆ’ ಎಂದು ಹೇಳಿ ಎಲೆ ಅಡಿಕೆ ಹಾಕಿಕೊಂಡರು. ಗಂಡು ಕುಂಟನೋ ಕುರುಡನೋ ಎಂದು ವಿಚಾರಿಸಿದ್ದು ಅದಾದ ಮೇಲೆ.

ಮಣೆ ಎಂದರೆ ಊಟಕ್ಕೆ ಕೂರುವ ಮಣೆ. ಹೆಸರಿಡುವ ದಿನವೇ ಪ್ರತಿ ಮಗುವಿಗೂ ಹಲಸಿನ ಮರದ ಒಂದು ಮಣೆ ಮಾಡಿಸುತ್ತಾರೆ. ಮಗುವಿಗೆಂದು ಚಿಕ್ಕದಾಗಿ ಮಾಡಿಸುವುದಿಲ್ಲ. ಮಣೆ ಬೆಳೆಯುವುದಿಲ್ಲ, ಮಗು ಬೆಳೆಯುತ್ತದೆ. ಕಾದ ಕಬ್ಬಿಣದ ಕಡ್ಡಿಯಿಂದ ತಳದಲ್ಲಿ ಹೆಸರು ಸುಡುತ್ತಾರೆ. ಸಾಯುವ ತನಕ ಉಣ್ಣುವುದು ಆ ಮಣೆಯ ಮೇಲೆಯೇ. ಹೆಣ್ಣಾದರೆ ಮದುವೆಯಾದ ಮೇಲೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಗಂಡನ ಮನೆಗೆ ಬರುತ್ತಾಳೆ. ಆ ಮಣೆಯನ್ನು ಗೆದ್ದಲು ತಿಂದರೆ ಆ ಮನುಷ್ಯ ಎಲ್ಲರಿಗೂ ಮರೆತುಹೋಗುತ್ತಾನೆ. ಹೆಂಡತಿಗೂ, ಹೆತ್ತವರಿಗೂ, ಎದುರುಮನೆಯವರಿಗೂ. ಬೇರೆ ಊರುಗಳಲ್ಲಿ ಗೆದ್ದಲು ಬಾಗಿಲು, ಕಿಟಕಿ, ತೊಲೆ ತಿನ್ನುತ್ತದಂತೆ. ನಮ್ಮೂರಿನ ಗೆದ್ದಲಿಗೆ ಅಂಥ ಚಿಲ್ಲರೆ ಕೆಲಸಕ್ಕೆ ಪುರುಸೊತ್ತಿಲ್ಲ.

ಗೆದ್ದಲನ್ನು ಕೊಲ್ಲುವಂತಿಲ್ಲ, ತಡೆಯಬಹುದು. ತಡೆಯುವುದರಲ್ಲಿ ನಮ್ಮತ್ತೆಯನ್ನು ಮೀರಿಸುವವರು ಬೀದಿಯಲ್ಲಿ ಇರಲಿಲ್ಲ. ಅಡಿಗೆಮನೆಯ ನೆಲಗಟ್ಟಿನ ಸುತ್ತ ಬೇವಿನ ಹಿಂಡಿ ತುಂಬಿಸುತ್ತಿದ್ದರು. ಗೋಡೆಯ ಬುಡಕ್ಕೆ ಬೂದಿಯನ್ನೂ ಸುಣ್ಣವನ್ನೂ ಕಲಸಿ ಬಳಿಯುತ್ತಿದ್ದರು. ಮಣೆಗಳಿಗೆ ಹೊಂಗೆ ಎಣ್ಣೆ, ಬೇವಿನೆಣ್ಣೆ ಸರದಿಯ ಮೇಲೆ ಆಗುತ್ತಿತ್ತು. ಬಾಗಿಲ ಸಂದಿಯಲ್ಲಿ ಬೆಲ್ಲದ ಪುಡಿ ಉದುರಿಸಿ ಕಪ್ಪಿರುವೆಯನ್ನು ಬರಮಾಡಿಕೊಳ್ಳುತ್ತಿದ್ದರು. ಇರುವೆ ಇರುವ ಕಡೆ ಗೆದ್ದಲು ಕಾಲಿಡುವುದಿಲ್ಲ. ಅದನ್ನು ಇರುವೆ ಹೊತ್ತುಕೊಂಡು ಹೋದರೆ ಕೊಂದ ಪಾಪ ಇರುವೆಯದು, ನಮ್ಮದಲ್ಲ! ಮಣೆಗಳು ಒಲೆಯ ಹೊಗೆ ತಾಗುವ ಗೋಡೆಯಲ್ಲೇ ಇರಬೇಕು. ಉಂಡ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ನನಗೆ ಬೈಗುಳ ತಪ್ಪುತ್ತಿರಲಿಲ್ಲ. “ಒಣಬಟ್ಟೆ ತಗಳೆ! ನಿನ್ನೇ ನೀನು ನೀರಾಕಿ ಅಳಿಸ್ಕಂತೀಯಾ?” ಎನ್ನುತ್ತಿದ್ದರು.

ಅವರು ಹಾಗೆ ಹೆದರುವುದಕ್ಕೆ ಕಾರಣ ಇತ್ತು. ಸಂತೆಮಾಳದಲ್ಲಿ ಹೂ ಮಾರುವ ಒಬ್ಬಳಿದ್ದಳು. ಅವಳ ಹೆಸರೇ ‘ಯಾರೋ ಅಮ್ಮ’. ಬಾಣಂತನಕ್ಕೆ ತವರಿಗೆ ಹೋದಾಗ ಮಣೆಯನ್ನು ಬಚ್ಚಲಿನ ಪಕ್ಕದ ಗೋಡೆಗೆ ಒರಗಿಸಿ ಹೋಗಿದ್ದಳಂತೆ. ಕೂಸನ್ನು ಎತ್ತಿಕೊಂಡು ಬಂದಾಗ ಬಾಗಿಲು ತೆರೆದ ಗಂಡ, ‘ಯಾರಮ್ಮ ಬೇಕಿತ್ತು?’ ಎಂದು ಕೇಳಿದ. ಕೂಸಿನ ಮಣೆ ಚೆನ್ನಾಗಿತ್ತು, ಕೂಸನ್ನು ಒಳಗೆ ಕರೆದುಕೊಂಡ. ಈಗಲೂ ಆ ಗಂಡ ಅವಳ ಹತ್ತಿರವೇ ಹೂ ಕೊಳ್ಳುತ್ತಾನೆ. “ಒಂದು ಮೊಳ ಕೊಡಮ್ಮ” ಎನ್ನುತ್ತಾನೆ. ಅವಳು ಅಳೆಯುವಾಗ ಒಂದು ಗೇಣು ಜಾಸ್ತಿಯೇ ಅಳೆಯುತ್ತಾಳೆ. ಚಿಕ್ಕಂದಿನಿಂದ ನೋಡಿ ನೋಡಿ ಇದರಲ್ಲಿ ನನಗೆ ವಿಚಿತ್ರವೇನೂ ಕಂಡಿರಲಿಲ್ಲ.

ಸತ್ತವರ ಮಣೆಯನ್ನು ವರ್ಷದ ತಿಥಿಯ ದಿನ ಮನೆಯವರೆಲ್ಲ ಸೇರಿ ಊರಾಚೆಯ ದೊಡ್ಡ ಹುತ್ತಕ್ಕೆ ಕೊಡುತ್ತಾರೆ. ಬಿಳಿ ಬಟ್ಟೆಯಲ್ಲಿ ಸುತ್ತಿ, ಅರಿಸಿನದ ನೀರು ಚಿಮುಕಿಸಿ, ಹುತ್ತದ ಬುಡದಲ್ಲಿ ತಳ ಮೇಲಾಗಿ ಇಟ್ಟು ಹಿಂತಿರುಗಿ ನೋಡದೆ ಬರಬೇಕು. ಆ ಒಂದು ವರ್ಷ ಎಷ್ಟು ಬೇಕಾದರೂ ಅಳಬಹುದು, ಯಾರೂ ಬೇಡ ಎನ್ನುವುದಿಲ್ಲ. ಕೊಟ್ಟ ಮಾರನೆಯ ಬೆಳಿಗ್ಗೆ ಎದ್ದರೆ ಎದೆ ಹಗುರ. ಸತ್ತವರ ಹೆಸರು ಆಮೇಲೆ ಯಾರ ಬಾಯಲ್ಲೂ ಬರುವುದಿಲ್ಲ. ಬಂದರೆ ಆ ಮನೆಯವರು ಮರೆತಿಲ್ಲ ಎಂದು ಅರ್ಥ. ಮರೆಯದ ಮನೆಯ ವಾಸನೆಗೆ ಗೆದ್ದಲು ಇಡೀ ಬೀದಿಯ ಮಣೆಗಳಿಗೆ ಏರುತ್ತದೆ ಎಂದು ಜನಕ್ಕೆ ಪ್ರಾಣಭಯ. ಅಂಥ ಮನೆಗೆ ಒಲೆಗೆ ಕೆಂಡ ಕೊಡುವುದಿಲ್ಲ, ಮೊಸರಿಗೆ ಹೆಪ್ಪು ಕೊಡುವುದಿಲ್ಲ.

ನನ್ನ ಮಗಳ ಹೆಸರು ದೇವೀರಿ. ಏಳು ತುಂಬಿ ಎಂಟಕ್ಕೆ ಬಿದ್ದಿದ್ದಳು. ಹಲ್ಲು ಬರುವ ಕಾಲದಲ್ಲಿ ತನ್ನ ಮಣೆಯ ಒಂದು ಮೂಲೆಯನ್ನು ಕಚ್ಚಿ ಕಚ್ಚಿ ಗುಂಡಗೆ ಮಾಡಿಟ್ಟಿದ್ದಳು. “ಗೆದ್ದಲಿಗಿಂತ ಮೊದ್ಲು ನೀನೇ ತಿಂದ್ಕಂಡ್ಯಲ್ಲೇ ನಿನ್ ಮಣೇನ” ಎಂದು ಅತ್ತೆ ನಗುತ್ತಿದ್ದರು. ದೊಡ್ಡವಳಾದ ಮೇಲೆ ಊಟಕ್ಕೆ ಕೂತಲ್ಲಿ ಕೂರುತ್ತಿರಲಿಲ್ಲ. ಕೂತ ಮಣೆಯ ಸಮೇತ ಜಾರಿಕೊಂಡು, ಯಾರ ತಟ್ಟೆಯಲ್ಲಿ ಹಪ್ಪಳ ಉಳಿದಿದೆಯೋ ಅವರ ಪಕ್ಕಕ್ಕೆ ಹೋಗುತ್ತಿದ್ದಳು. ನೆಲವೆಲ್ಲ ಗೀರು. ಆ ಮಳೆಗಾಲದಲ್ಲಿ ಜ್ವರ ಬಂತು. ಕಷಾಯಕ್ಕೂ ಇಳಿಯಲಿಲ್ಲ, ಪಂಡಿತರ ಮಾತ್ರೆಗೂ ಇಳಿಯಲಿಲ್ಲ. ಒಂದು ಮಧ್ಯಾಹ್ನ ನನ್ನ ತೊಡೆಯ ಮೇಲೆ ತಲೆ ಇಟ್ಟವಳು ಮತ್ತೆ ಎತ್ತಲಿಲ್ಲ.

ಒಂದು ವರ್ಷ ನಾವು ಮೂವರೂ ಅತ್ತೆವು. ನನ್ನ ಗಂಡ ಕೆರೆಯ ಚಿಪ್ಪು ಸುಟ್ಟು ಸುಣ್ಣ ಮಾಡುವವರು. ಚಿಪ್ಪು ಸುಡುವ ಗೂಡಿನ ಹತ್ತಿರ ಕೂತು ಅಳುತ್ತಿದ್ದರು. ಯಾರಾದರೂ ಕಂಡರೆ ಸುಣ್ಣದ ಝಳ ಎನ್ನುತ್ತಿದ್ದರು. ಅತ್ತೆ ಬೀಸುವ ಕಲ್ಲಿನ ಮುಂದೆ ಹೆಸರು ಹಿಡಿದು ಅಳುತ್ತಿದ್ದರು. ಅಳುವಾಗ ಮೂರು ಜನಕ್ಕೂ ಒಂದೇ ಹೆಸರು ಇತ್ತು. ಅದೊಂದು ಸುಖ ಎಂದು ಆಗ ನನಗೆ ತಿಳಿಯಲಿಲ್ಲ.

ತಿಥಿ ಹತ್ತಿರ ಬಂದಂತೆ ನಾನು ದಿನ ಎಣಿಸತೊಡಗಿದೆ. ಇನ್ನು ಕೆಲವು ದಿನ, ಆಮೇಲೆ ನಾನು ಅವಳನ್ನು ಹೆತ್ತಿದ್ದೇ ಇಲ್ಲ! ಎದೆ ಹಗುರವಾಗುತ್ತದೆ ಎನ್ನುತ್ತಾರಲ್ಲ, ಯಾರಿಗೆ ಬೇಕಿತ್ತು ಆ ಹಗುರ? ಮಣೆಯನ್ನು ಬಟ್ಟೆಯಲ್ಲಿ ಸುತ್ತುವುದು ಮನೆಯ ಹೆಂಗಸಿನ ಕೆಲಸ. ಸುತ್ತಿದ್ದನ್ನು ಆಮೇಲೆ ಯಾರೂ ಬಿಚ್ಚುವುದಿಲ್ಲ. ಹಿತ್ತಿಲಲ್ಲಿ ಬಿದ್ದಿದ್ದ ಒಡೆದ ಕಿಟಕಿಯ ಹಲಗೆಯನ್ನು ಅದೇ ಅಳತೆಗೆ ಕುಯ್ದು, ಅದನ್ನೇ ಬಟ್ಟೆಯಲ್ಲಿ ಸುತ್ತಿದೆ. ದೇವೀರಿಯ ಮಣೆಯನ್ನು ಉಗ್ರಾಣದ ಕತ್ತಲೆ ಮೂಲೆಯಲ್ಲಿದ್ದ ಹಳೆಯ ಪೆಟ್ಟಿಗೆಯ ತಳಕ್ಕೆ ಹಾಕಿ, ಮೇಲೆ ಹರಕು ಕಂಬಳಿ ತುರುಕಿದೆ. ಹುತ್ತದ ಮುಂದೆ ನನ್ನ ಗಂಡ ಕಿಟಕಿಯ ಹಲಗೆಗೆ ಕೈಮುಗಿದು ನಿಂತಾಗ ಅವರ ಬೆನ್ನು ನಡುಗುತ್ತಿತ್ತು. ಪಾಪ ಅನ್ನಿಸಿತು. ಆದರೂ ನಾನು ಬಾಯಿ ಬಿಡಲಿಲ್ಲ.

ಮಾರನೆಯ ಬೆಳಿಗ್ಗೆ ಎದ್ದಾಗ ಮೂವರಿಗೂ ನೆನಪಿರುತ್ತದೆ, ಹುತ್ತ ಯಾಕೆ ತಿನ್ನಲಿಲ್ಲ ಎಂದು ಎಲ್ಲರೂ ಬೆರಗಾಗುತ್ತಾರೆ, ಆಮೇಲೆ ನಾವು ನಾವೇ ಗುಟ್ಟು ಮಾಡಿಕೊಂಡು ಅವಳ ಮಾತಾಡುತ್ತ ಬದುಕಬಹುದು. ಇದು ನನ್ನ ಲೆಕ್ಕ. ಒಲೆ ಹಚ್ಚಿ ಕಾದೆ. ಅತ್ತೆ ಎದ್ದು ಬಂದರು. ಮುಖ ತೊಳೆದು, ವಿಭೂತಿ ಇಟ್ಟುಕೊಂಡು, “ಇವತ್ತು ಅವರೆಕಾಳು ನೆನೆ ಹಾಕವ್ವ” ಎಂದರು. ಒಂದು ವರ್ಷದಿಂದ ಬೆಳಿಗ್ಗೆ ಎದ್ದ ಕೂಡಲೇ ಅಳುತ್ತಿದ್ದ ಹೆಂಗಸು! ನನ್ನ ಗಂಡ ಬಂದವರು ಗೋಡೆಯ ನಾಲ್ಕನೇ ಗೂಟ ನೋಡಿದರು.

“ಈ ಗೂಟ ಯಾಕ್ ಬಡ್ದಿದ್ವೋ ಏನೋ” ಎಂದರು. ಕಿತ್ತು ಹಿತ್ತಿಲಿಗೆ ಎಸೆದು, ತೂತಿಗೆ ಸುಣ್ಣದ ಗಾರೆ ಮೆತ್ತಿದರು. ಹೆಬ್ಬೆರಳಿನಿಂದ ಒತ್ತಿ ಒತ್ತಿ ನುಣ್ಣಗೆ ಮಾಡಿದರು.

ರಾತ್ರೋರಾತ್ರಿ ಗೆದ್ದಲು ಪೆಟ್ಟಿಗೆಗೇ ಹೊಕ್ಕಿತೇನೋ ಎಂದು ಉಗ್ರಾಣಕ್ಕೆ ಓಡಿದೆ. ಕಂಬಳಿ ಎತ್ತಿ ನೋಡಿದರೆ ಮಣೆ ಇಟ್ಟ ಹಾಗೇ ಇತ್ತು. ಕಚ್ಚಿದ ಮೂಲೆ, ತಳದಲ್ಲಿ ಸುಟ್ಟ ಹೆಸರು, ಎಲ್ಲ ಸರಿಯಾಗಿತ್ತು. ಮಣೆ ಗಟ್ಟಿಯಾಗಿದೆ, ಅಂದರೆ ಅವರು ಮರೆತಿಲ್ಲ. ಮರೆತ ಹಾಗೆ ಆಡುತ್ತಿದ್ದಾರೆ. ನಾನು ಪೆಟ್ಟಿಗೆಯ ಅಂಚು ಹಿಡಿದುಕೊಂಡು ಕೂತುಬಿಟ್ಟೆ. ಅವರಿಬ್ಬರದೂ ಅಂಥ ಸಲೀಸಾದ ಆಟ. ಅತ್ತೆಗೆ ಇದು ಎಷ್ಟನೆಯದೋ. ಗಂಡನನ್ನು ಹುತ್ತಕ್ಕೆ ಕೊಟ್ಟವರು, ಇಬ್ಬರು ಅಕ್ಕಂದಿರನ್ನು ಕೊಟ್ಟವರು. ಹಾಗಾದರೆ ಸಂತೆಮಾಳದಲ್ಲಿ ಹೂ ಕೊಳ್ಳುವ ಆ ಗಂಡ? ಹಾಗಾದರೆ ಇಡೀ ಊರು? ಅಲ್ಲಿಗೆ ನಾನು ಯೋಚಿಸುವುದನ್ನು ನಿಲ್ಲಿಸಿದೆ. ಯೋಚಿಸಿದರೆ ಬೀದಿಗೆ ಇಳಿದು ಕಂಡವರ ಕೆನ್ನೆಗೆಲ್ಲ ಬಾರಿಸಬೇಕು ಅನ್ನಿಸುತ್ತಿತ್ತು.

ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಳಿ ನೋಡಿದೆ. ಒಂದು ದಿನ ಗೂಡಿಗೆ ಬುತ್ತಿ ತೆಗೆದುಕೊಂಡು ಹೋದವಳು, ಅವರು ಉಣ್ಣುವಾಗ ಮೆಲ್ಲಗೆ, “ದೇವೀರಿ ಇದ್ದಿದ್ರೆ ಈ ಹಪ್ಪಳ ನಿಮ್ಗೆ ಸಿಕ್ತಿರ್ಲಿಲ್ಲ” ಎಂದೆ.

ಅವರ ಕೈ ಬಾಯಿಯ ಹತ್ತಿರ ನಿಂತಿತು. “ಯಾರು?” ಎಂದರು.

“ದೇವೀರಿ.”

“ಅಂಥೋರ್ ಯಾರೂ ನನಗ್ ಗೊತ್ತಿಲ್ಲ. ನೀನು ಬಿಸಿಲಲ್ಲಿ ಬಂದಿದ್ದೀಯ, ನೀರು ಕುಡಿ.” ಸುತ್ತ ಯಾರೂ ಇರಲಿಲ್ಲ. ಆದರೂ ಅವರು ಒಮ್ಮೆ ಹಿಂದೆ ತಿರುಗಿ ನೋಡಿದರು. ಅರ್ಧ ಹಪ್ಪಳವನ್ನು ಬುತ್ತಿಯಲ್ಲೇ ಬಿಟ್ಟರು. ನನ್ನ ಗಂಡ ಕೆಟ್ಟವರಲ್ಲ. ಹೆದರುಪುಕ್ಕಲು ಮನುಷ್ಯ. ನಾನು ನಿಜವಾಗಿ ಮರೆತಿದ್ದೇನೆ, ಏನೋ ಒಂದು ಚೂರು ನನ್ನಲ್ಲಿ ಉಳಿದು ಬಾಯಿಗೆ ಬಂದಿದೆ, ತಾನು ಹೂಂ ಎಂದರೆ ಹೆಂಡತಿಗೆ ಹುಚ್ಚು ಹಿಡಿಯುತ್ತದೆ ಎಂದುಕೊಂಡರೋ ಏನೋ. ಅತ್ತೆಗೂ ಬೇಕೆಂದೇ ಒಂದು ದಿನ ದೇವೀರಿಗೆ ಇಷ್ಟವಾದ ಹುಣಸೆ ಚಿಗುರಿನ ಸಾರು ಮಾಡಿ ಬಡಿಸಿದೆ. ಎರಡು ತುತ್ತು ಉಂಡು, “ಖಾರ ಜಾಸ್ತಿ ಆಗೈತೆ ಕಣೆ” ಎಂದು ಕಣ್ಣೊರೆಸಿಕೊಂಡರು. ನಾನು ಅದಕ್ಕೆ ಮೆಣಸಿನಕಾಯಿಯನ್ನೇ ಹಾಕಿರಲಿಲ್ಲ.

ಹೀಗೆ ಒಂದೇ ಸೂರಿನ ಕೆಳಗೆ ಮೂರು ಜನ ಮೂರು ಮೂಲೆಯಲ್ಲಿ ಒಂದೇ ಮಗುವನ್ನು ಅಡಗಿಸಿಕೊಂಡು ಕೂತೆವು. ನನಗೆ ಉಳಿದದ್ದು ಮಣೆ ಒಂದೇ. ಅದಾದರೂ ಉಳಿಯಲಿ, ಹಲಸಿನ ಮರದ ಮೇಲೆ ಆ ಮೂರು ಅಕ್ಷರವಾದರೂ ಇರಲಿ ಎಂದು ಅದನ್ನು ಕಾಯುವುದಕ್ಕೆ ನಿಂತೆ. ಅತ್ತೆಯಿಂದ ಕಲಿತದ್ದನ್ನೆಲ್ಲ ಅತ್ತೆಗೆ ತಿಳಿಯದ ಹಾಗೆ ಮಾಡಿದೆ. ಪೆಟ್ಟಿಗೆಯ ನಾಲ್ಕು ಕಾಲಿಗೂ ಕಲ್ಲು ಕೊಟ್ಟು ಸುತ್ತ ಬೂದಿ ಸುರಿದೆ. ಬಜೆ ಬೇರು ಕುಟ್ಟಿ ಕಂಬಳಿಯ ಮಡಿಕೆಯಲ್ಲಿ ಇಟ್ಟೆ. ಬೇವಿನೆಣ್ಣೆ ಹಚ್ಚಿದ ದಿನ ಅತ್ತೆ ಉಗ್ರಾಣದ ಬಾಗಿಲಲ್ಲಿ ನಿಂತು ಗಾಳಿ ಮೂಸಿದರು. “ಇಲ್ಲೇನವ್ವ ಬೇವಿನ ಗಮಲು?” ಎಂದರು. ಇಲಿ ಓಡಾಡುತ್ತೆ, ಅದಕ್ಕೇ ಚೆಲ್ಲಿದೆ ಎಂದೆ. ಇಲಿಗೆ ಬೇವಿನೆಣ್ಣೆ ಯಾರು ಚೆಲ್ಲುತ್ತಾರೆ? ಅತ್ತೆ ಬಾಗಿಲು ಎಳೆದುಕೊಂಡು ಹೋದರು. ಆಮೇಲೆ ವಾಸನೆ ಕಡಿಮೆ ಎಂದು ಗೇರುಬೀಜದ ಸಿಪ್ಪೆಯ ಎಣ್ಣೆ ತಂದು ಹಚ್ಚಿದೆ. ಅದು ಮರಕ್ಕೆ ಒಳ್ಳೆಯದು, ಕೈಗಲ್ಲ. ಬೆರಳುಗಳೆಲ್ಲ ಬೊಬ್ಬೆ ಎದ್ದು ಚರ್ಮ ಸುಲಿಯಿತು. ಮುದ್ದೆ ತೊಳಸುವಾಗ ಜೀವ ಹೋಗುತ್ತಿತ್ತು.

ಎಷ್ಟು ಮಾಡಿದರೂ ಕತ್ತಲು ಕತ್ತಲೇ. ಮರುವರ್ಷ ಮಳೆ ಬಿಡದೆ ಹೊಡೆಯಿತು. ಉಗ್ರಾಣದ ಗೋಡೆ ತೇವ ಹೀರಿಕೊಂಡು ಊದಿತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಮೂಲೆಯಿಂದ ಮಣ್ಣಿನ ಗೆರೆಯೊಂದು ಪೆಟ್ಟಿಗೆಯ ಕಡೆ ಹೊರಟಿತ್ತು. ಒರೆಸಿ ಸುಣ್ಣ ಬಳಿದೆ. ಮೂರು ದಿನಕ್ಕೆ ಇನ್ನೊಂದು ಕಡೆಯಿಂದ ಬಂತು. ಬೂದಿಯ ಮೇಲೂ ಮಣ್ಣಿನ ಸೇತುವೆ ಕಟ್ಟಿಕೊಂಡು ಬಂತು. ಎಲ್ಲಿಗೆ ಒಯ್ಯಲಿ? ಬೆಳಕಿರುವ ಕಡೆ ಜನ, ಕತ್ತಲಿರುವ ಕಡೆ ಗೆದ್ದಲು. ಮನೆಯಲ್ಲಿ ಗೆದ್ದಲು ಏರದ ಜಾಗ ಒಂದೇ, ಒಲೆಯ ಹೊಗೆ ತಾಗುವ ಆ ಗೋಡೆ. ಅಲ್ಲಿ ಮೂರು ಗೂಟ, ಮೂರು ಜನ, ಮೂರು ಮಣೆ. ನಾಲ್ಕನೆಯದನ್ನು ತೂಗುಹಾಕಿದರೆ ಅಕ್ಕಪಕ್ಕದವರು ಕೆಂಡಕ್ಕೆ ಬಂದವರು ಎಣಿಸುತ್ತಾರೆ.

ಆಮೇಲೆ ನಾನು ಮಾಡಿದ್ದನ್ನು ತುಂಬ ಯೋಚಿಸಿ ಮಾಡಲಿಲ್ಲ. ಯೋಚಿಸಿದ್ದರೆ ಮಾಡುತ್ತಿರಲಿಲ್ಲ. ನನ್ನ ಮಣೆಯನ್ನು ಗೂಟದಿಂದ ತೆಗೆದು ಪೆಟ್ಟಿಗೆಯಲ್ಲಿಟ್ಟೆ. ದೇವೀರಿಯ ಮಣೆಯ ತಳಕ್ಕೆ ಎಣ್ಣೆಮಸಿ ದಪ್ಪಗೆ ಬಳಿದು ಹೆಸರು ಮುಚ್ಚಿ, ನನ್ನ ಗೂಟಕ್ಕೆ ತಗುಲಿಸಿದೆ.

ಮಧ್ಯಾಹ್ನದ ಊಟಕ್ಕೆ ಅದರ ಮೇಲೆ ಕೂತೆ. ನನ್ನ ಎಡ ತೊಡೆಯ ಕೆಳಗೆ ಗುಂಡಗಾದ ಮೂಲೆ ಇತ್ತು. ಅತ್ತೆ ಎದುರಿಗೆ ಕೂತಿದ್ದರು. ಅವರ ಕಣ್ಣು ಆ ಮೂಲೆಯ ಮೇಲೆ ಬಿತ್ತು. ಬಿದ್ದದ್ದು ಅಲ್ಲೇ ನಿಂತಿತು. ನನ್ನ ಗಂಡ ಅವ್ವನ ಮುಖ ನೋಡಿದರು, ಅವ್ವ ನೋಡುತ್ತಿದ್ದುದನ್ನು ನೋಡಿದರು. ಅವರಿಗೆ ಅನ್ನ ಗಂಟಲಲ್ಲಿ ಸಿಕ್ಕಿ ಕೆಮ್ಮು ಬಂತು. ಈಗ ಹೇಳಿ, ಈಗಲಾದರೂ ಯಾರಾದರೂ ಒಬ್ಬರು ಹೆಸರು ಎತ್ತಿ ಎಂದು ನಾನು ತಟ್ಟೆ ನೋಡುತ್ತ ಕಾದೆ.

“ಸಾರಿಗೆ ಉಪ್ಪು ಕಮ್ಮಿ” ಎಂದರು ನನ್ನ ಗಂಡ.

“ಹೂಂ, ಕಮ್ಮಿ” ಎಂದರು ಅತ್ತೆ.

ಉಪ್ಪಿನ ಮರಿಗೆಯನ್ನು ಅವರ ಮುಂದೆ ಕುಕ್ಕಿದೆ. ಅತ್ತ ಪೆಟ್ಟಿಗೆಯಲ್ಲಿ ನನ್ನ ಮಣೆ ಇತ್ತು. ಮೊದಮೊದಲು ಅದಕ್ಕೂ ಬೂದಿ ಹಾಕುತ್ತಿದ್ದೆ. ಆಮೇಲೆ ಆ ಕಡೆ ಹೋಗುವುದನ್ನೇ ಬಿಟ್ಟೆ. ಮಳೆ ಮುಗಿಯುವ ಹೊತ್ತಿಗೆ ಒಂದು ಸಲ ಹೋಗಿ ಬೆರಳಿನಿಂದ ಒತ್ತಿದೆ. ಮಂಡಕ್ಕಿ ಒತ್ತಿದ ಹಾಗೆ ಒಳಕ್ಕೆ ಹೋಯಿತು. ತಳ ತಿರುಗಿಸಿದರೆ ನನ್ನ ಹೆಸರು ಇದ್ದ ಕಡೆ ಬರೀ ಮಣ್ಣು. ನನಗೆ ನಾನು ಮರೆತಿರಲಿಲ್ಲ, ಮನೆಯವರಿಗೂ ಮರೆತಿರಲಿಲ್ಲ. ಗೆದ್ದಲು ತಿಂದರೆ ಮರೆಯುತ್ತದೆ ಎನ್ನುವುದು ಸುಳ್ಳೋ ಏನೋ ಎಂದು ಉಳಿದಿದ್ದ ಅನುಮಾನವೂ ಅಲ್ಲಿಗೆ ಹೋಯಿತು.

ಮಳೆ ನಿಂತ ಮೇಲೆ ಊರಿನಲ್ಲಿ ಮಣೆ ಬಿಸಿಲು ಮಾಡುತ್ತಾರೆ. ಅಂದು ಪ್ರತಿ ಮನೆಯವರೂ ತಮ್ಮ ಮಣೆಗಳನ್ನು ಬೀದಿಗೆ ತಂದು ತಳ ಮೇಲಾಗಿ ಬಿಸಿಲಿಗೆ ಇಡಬೇಕು. ಬೀದಿಯ ಉದ್ದಕ್ಕೂ ಹೆಸರುಗಳು. ಹುತ್ತದ ಯಜಮಾನ ಕರಿನಾಗಯ್ಯನವರು ಒಂದೊಂದು ಮಣೆಯ ಮುಂದೆ ಕೂತು, ಬೇವಿನೆಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಹೆಸರನ್ನು ಗಟ್ಟಿಯಾಗಿ ಓದಿ ಮುಂದೆ ಹೋಗುತ್ತಾರೆ. ಹೆಸರಿನವರು ‘ಇದ್ದೀನಿ’ ಅನ್ನಬೇಕು. ನಾನು ಬಳಿದಿದ್ದ ಎಣ್ಣೆಮಸಿ ನೀರಿಗೆ ಜಗ್ಗುವಂಥದ್ದಲ್ಲ. ಎಣ್ಣೆಗೆ ಎಣ್ಣೆ ಕರಗುತ್ತದೆ ಎನ್ನುವುದು ಅವರು ಬಟ್ಟೆ ಇಟ್ಟಾಗ ಹೊಳೆಯಿತು. ಬುದ್ಧಿ ಇದ್ದದ್ದೇ ಅಷ್ಟು.

ಅವರು ಎರಡು ಸಲ ಒರೆಸಿದರು. ಮೂರನೆಯ ಸಲ ಒರೆಸಲಿಲ್ಲ.

“ದೇವೀರಿ” ಎಂದು ಓದಿದರು.

ಎದುರುಮನೆಯವಳು ಕೂಸಿನ ಬಾಯಿಗೆ ಕೈ ಇಟ್ಟಳು. ಆ ಹೆಸರು ಕೇಳಿ ಎಷ್ಟು ಕಾಲವಾಗಿತ್ತೆಂದರೆ ನನಗೆ ನಿಂತಲ್ಲೇ ಅಳು ಬಂತು. ಯಜಮಾನರು ನನ್ನ ಗಂಡನನ್ನು ಕೇಳಿದರು: “ಬೋರಲಿಂಗ, ಇದ್ಯಾರ್ದು?”

“ಗೊತ್ತಿಲ್ಲ ಯಜಮಾನ್ರೆ.”

“ಅಮ್ಮಾ, ನಿಮ್ಗೆ?”

“ನಂಗ್ ಕಣ್ಣೇ ಕಾಣಾಕಿಲ್ಲ ಕಣಪ್ಪ” ಎಂದರು ಅತ್ತೆ. ಸಾಸಿವೆಯಲ್ಲಿ ಕಲ್ಲು ಆರಿಸುವ ಕಣ್ಣು ಅವರದು.

“ಮನೆಯೋರ್ಗೆ ಗೊತ್ತಿಲ್ದಿರೋ ಹೆಸ್ರು ಅಂದ್ರೆ ಹುತ್ತಕ್ಕೆ ಸೇರಿದ್ದು” ಎಂದು ಯಜಮಾನರು ಮಣೆ ಎತ್ತಿಕೊಂಡು ಎದ್ದರು. ಅವರ ದನಿ ಜೋರಾಗಿರಲಿಲ್ಲ. ಬೇಗ ಮುಗಿದರೆ ಸಾಕು ಎನ್ನುವ ಹಾಗಿತ್ತು. ಅವರಿಗೂ ಗೊತ್ತಿತ್ತು. ನಮ್ಮ ಬಾಗಿಲಲ್ಲಿ ಅವಳಿಗೆ ಹೆಸರಿಡುವಾಗ ಕಡ್ಡಿ ಕಾಯಿಸಿ ಕೊಟ್ಟವರು ಅವರೇ.

“ಅದು ನಂದು” ಎಂದೆ ನಾನು. “ಇದ್ದೀನಿ.”

“ಏನು ಇದ್ದೀಯ? ನಿನ್ನ ಹೆಸ್ರು…”

“ದೇವೀರಿ.”

“ನಿನ್ನ ಹೆಸ್ರು ಅದಲ್ಲ ಕಣಮ್ಮ!”

“ಮತ್ತ್ಯಾವ್ದು ಯಜಮಾನ್ರೆ?” ಎಂದು ಕೇಳಿ ಒಳಗೆ ಹೋದೆ. ಪೆಟ್ಟಿಗೆಯಿಂದ ನನ್ನ ಮಣೆಯನ್ನು ಎತ್ತಿ ತರುವಾಗಲೇ ಅರ್ಧ ಉದುರಿತು. ಉಳಿದದ್ದನ್ನು ಬೀದಿಯಲ್ಲಿ ಅವರ ಕಾಲ ಹತ್ತಿರ ಇಟ್ಟೆ. ಅದು ಇಟ್ಟ ಕೂಡಲೇ ಕುಸಿದು ಮಣ್ಣಾಯಿತು. ಬಿಳಿಯ ಹುಳುಗಳು ಬಿಸಿಲಿಗೆ ಹೆದರಿ ಓಡಾಡಿದವು. “ಈ ಮಣೆ ಯಾರ್ದು, ಹೇಳಿ. ಇದ್ರ ಮೇಲಿದ್ದ ಹೆಸ್ರು ಯಾರಿಗಾದ್ರೂ ನೆಪ್ಪೈತಾ? ಗೆದ್ಲು ತಿಂದ ಹೆಸ್ರು ನೆಪ್ಪಿರೋರು ಯಾರು, ಮುಂದೆ ಬನ್ನಿ. ದೇವೀರಿ ಅಂದ್ರೆ ನಾನಲ್ಲ, ಬೇರೆ ಯಾರೋ ಅಂತೀರಾ? ಯಾರು ಆ ಬೇರೆಯೋರು? ಅದಾದ್ರೂ ಹೇಳಿ!”

ಯಾರು ಹೇಳುತ್ತಾರೆ? ನನ್ನ ಹಳೆಯ ಹೆಸರನ್ನು ಹೇಳಿದರೆ ತಾನು ಮರೆತಿಲ್ಲ ಎಂದು ಒಪ್ಪಿಕೊಂಡ ಹಾಗೆ. ದೇವೀರಿ ಬೇರೆಯವಳು ಎಂದರೂ ಹಾಗೆಯೇ. ಅಷ್ಟು ಜನ ನಿಂತಿದ್ದರು. ನನ್ನ ಜೊತೆ ನೀರಿಗೆ ಬಂದವರು, ಅವಳಿಗೆ ಜಡೆ ಹಾಕಿದವರು, ಅವಳ ಹೆಣಕ್ಕೆ ಹೂ ಹಾಕಿದವರು. ಒಂದು ಬಾಯಿಯೂ ತೆರೆಯಲಿಲ್ಲ. ಅಷ್ಟು ದಿನದ ಸಿಟ್ಟು ನನಗೆ ಅಲ್ಲಿ ತೀರಿತು.

ಯಜಮಾನರು ಕಾಲಿಗೆ ಹತ್ತಿದ ಹುಳುಗಳನ್ನು ಕೊಡವಿಕೊಂಡರು. ಆಮೇಲೆ ಮಣೆಯನ್ನು ನನ್ನ ಮುಂದೆ ಇಟ್ಟರು. “ಸರಿ. ಮಣೆ ಇರೋಳು ಇದ್ದಾಳೆ” ಎಂದರು. ಮತ್ತೆ ನನ್ನ ಗಂಡನ ಕಡೆ ತಿರುಗಿ, ಬೀದಿಗೆಲ್ಲ ಕೇಳುವ ಹಾಗೆ, “ಬೋರಲಿಂಗ, ಈ ದೇವೀರಿ ನಿನಗೇನಾಗ್ಬೇಕು?” ಎಂದು ಕೇಳಿದರು.

ಇದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆ ಮುದುಕ ಹಾಗೆ ಕೇಳಬಹುದು ಎಂದು ಹೊಳೆದೇ ಇರಲಿಲ್ಲ. ನನ್ನ ಗಂಡ ನನ್ನನ್ನು ನೋಡಿದರು. ಸುಣ್ಣ ತಿಂದ ಕೈಗಳನ್ನು ಪಂಚೆಗೆ ಒರೆಸಿಕೊಂಡರು. ಹೆಂಡತಿ ಎಂದಿದ್ದರೆ ನಾನು ಉಳಿಯುತ್ತಿದ್ದೆ. ಅವಳ ಹೆಸರು ನನ್ನದಾಗಿ, ಅವಳು ಪೂರ್ತಿ ಹೋಗುತ್ತಿದ್ದಳು. ಅವರು ಮಣೆ ನೋಡಿದರು. ಅವ್ವನ ಮುಖ ನೋಡಿದರು. ಅತ್ತೆ ಸೆರಗು ಬಾಯಿಗೆ ತುರುಕಿಕೊಂಡು ತಲೆ ಆಡಿಸುತ್ತಿದ್ದರು. ಬೇಡ ಎನ್ನುವುದಕ್ಕೋ ಹೂಂ ಎನ್ನುವುದಕ್ಕೋ ನನಗೆ ತಿಳಿಯಲಿಲ್ಲ.

“ಮಗಳು” ಎಂದರು ನನ್ನ ಗಂಡ.

ಆಮೇಲೆ ಬಾಗಿಲ ಹತ್ತಿರ ಹೋಗಿ, ಹಿಂದೆ ಅವಳನ್ನು ಕರೆಯುತ್ತಿದ್ದ ಅದೇ ರಾಗದಲ್ಲಿ, “ದೇವೀರಿ… ಬಿಸಿಲಲ್ಲಿ ನಿಂತಿದ್ದೀಯಲ್ಲ ಮಗಾ, ಒಳಕ್ ಬಾ” ಎಂದು ಕರೆದರು. ಕರೆದ ಮೇಲೆ ಅವರ ಮುಖ ಒಡೆದುಹೋಯಿತು. ಬೀದಿಯವರು ತಮ್ಮ ತಮ್ಮ ಮಣೆ ಎತ್ತಿಕೊಂಡು ಒಳಗೆ ಹೋದರು. ನಾನೂ ಮಣೆ ಎತ್ತಿಕೊಂಡು ಹೊಸಿಲು ದಾಟಿದೆ.

ಅಂದಿನಿಂದ ನಾನು ಈ ಮನೆಯ ಮಗಳು. ನನ್ನ ತಾಳಿಯನ್ನು ಅತ್ತೆ ತಾವೇ ಬಿಚ್ಚಿ ಕುಂಕುಮದ ಭರಣಿಯಲ್ಲಿ ಹಾಕಿಟ್ಟರು, ಯಾರದೋ ಸಿಕ್ಕಿತು ಎನ್ನುವ ಹಾಗೆ. ಅವರನ್ನು ನಾನು ಈಗ ಅಜ್ಜಿ ಎನ್ನಬೇಕು. ಗಂಡನಾಗಿದ್ದವರು ಹೊರಗೆ ಜಗುಲಿಯ ಮೇಲೆ ಮಲಗುತ್ತಾರೆ, ನನ್ನನ್ನು ಕಣ್ಣೆತ್ತಿ ನೋಡುವುದಿಲ್ಲ. ಬೀದಿಯವರು ಈ ಮನೆಗೆ ಸೊಸೆ ಬರಲಿಲ್ಲವಲ್ಲ, ಬೋರಲಿಂಗನಿಗೆ ಒಂದು ಹೆಣ್ಣು ನೋಡಬೇಕು ಎಂದು ಮಾತಾಡುತ್ತಾರೆ. ಅದನ್ನು ಕೇಳುವಾಗ ನಾನು ಕಲ್ಲಾಗಿರುತ್ತೇನೆ. ಅವರಿಗೆ ನನ್ನನ್ನು ಬಿಡುವುದು ಇಷ್ಟು ಸುಲಭವಾಯಿತಲ್ಲ ಎಂದು ಒಂದೊಂದು ದಿನ ಹೊಟ್ಟೆಯಲ್ಲಿ ಬೆಂಕಿ ಏಳುತ್ತದೆ. ಆದರೆ ಅವರು ಬಿಟ್ಟದ್ದು ಯಾರಿಗೋಸ್ಕರ ಎಂದು ನೆನೆದರೆ ಅದೂ ಆರುತ್ತದೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಹೆಸರಿಗೆ ಮಾತ್ರ ಈಗ ಬರವಿಲ್ಲ. ಇಬ್ಬರೂ ದಿನವೆಲ್ಲ ಕರೆಯುತ್ತಾರೆ. ದೇವೀರಿ ನೀರು ತಾ, ದೇವೀರಿ ಚಾಪೆ ಹಾಸು, ದೇವೀರಿ ಬೆಕ್ಕು ಬಂತು ನೋಡು. ಇಲ್ಲದ ಕೆಲಸಕ್ಕೂ ಕರೆಯುತ್ತಾರೆ. ಕರೆಯುವಾಗ ಅವರ ದನಿಯಲ್ಲಿ ಜೀವ ಇರುತ್ತದೆ. ಮೊದಮೊದಲು ನಾನು ಕರೆದ ಕೂಡಲೇ ಕೈ ಒರೆಸಿಕೊಂಡು ಓಡುತ್ತಿದ್ದೆ. ಎದುರಿಗೆ ಹೋಗಿ ನಿಂತರೆ ಇಬ್ಬರೂ ತಲೆ ಎತ್ತಿ ನನ್ನ ಮುಖ ನೋಡುತ್ತಿದ್ದರು. ನೋಡಿದ ಕೂಡಲೇ ಅವರ ಮುಖದ ಬೆಳಕು ಆರಿಹೋಗುತ್ತಿತ್ತು. ಕರೆದದ್ದು ಅವಳನ್ನು, ಬಂದದ್ದು ನಾನು. ಅದಕ್ಕೆ ಈಗೀಗ ಅವರು ಕರೆದರೆ ಒಳಗಿನಿಂದಲೇ, ದನಿಯನ್ನು ಆದಷ್ಟು ಸಣ್ಣದು ಮಾಡಿ, “ಬಂದೇ…” ಎನ್ನುತ್ತೇನೆ. ಹೋಗುವುದಿಲ್ಲ.